ಸಪ್ಪಳವಿಲ್ಲದ ಪೇಟಿ

“ಒತ್ತಿದ್ರ ಸಪ್ಪಳ ಬರಬಾರದ್ರಿ,” ಎಂದು ಅನಿಲಕುಮಾರ ಅಂಗಡಿಯ ಗಾಜಿನ ಮೇಲೆ ಬಾಗಿ ಮೆಲ್ಲಗೆ ಹೇಳಿದ.

ಗಜೇಂದ್ರಗಡದಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಗುರುಸಂಗಪ್ಪ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಸಪ್ಪಳ ಸಾಲದೆಂದು ಜಗಳ ತೆಗೆದವರುಂಟು. ಬೇಡವೆಂದು ಬಂದವನು ಇವನೊಬ್ಬನೇ.

“ಮಿಡಿ ಕೀಬೋರ್ಡ್ ಅಂತ ಬರ್ತೈತ್ರಿ.” ಗುರುಸಂಗಪ್ಪ ಮೊಳದುದ್ದದ ಕಪ್ಪು ಹಲಗೆಯೊಂದನ್ನು ಹೊರತೆಗೆದ. “ತಾನಾಗಿ ಪಿಟ್ ಅನ್ನೂದಿಲ್ಲ. ಲ್ಯಾಪ್‌ಟಾಪಿಗೆ ವೈರ್ ಹಚ್ಚಬೇಕು. ಯಾವ ಕೀ ಒತ್ತಿದ್ರಿ ಅನ್ನೂದನ್ನ ನೆನಪಿಟ್ಟು, ಹಾರ್ಮೋನಿಯಂ ಪೇಟಿ ಅಂದ್ರ ಪೇಟಿ, ಸನಾದಿ ಅಂದ್ರ ಸನಾದಿ ನುಡಸ್ತೈತಿ.”

“ತಪ್ಪ ಒತ್ತಿದ್ರ?”

“ಆಮ್ಯಾಲೆ ಒಂದೊಂದ ತಿದ್ದಬಹುದ್ರಿ.”

ಅನಿಲಕುಮಾರನ ಮುಖ ಅರಳಿತು.

ರೋಣದ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಸೋಮವಾರ ಸಂಜೆ ಅವನ ಪಡಸಾಲೆಯಲ್ಲೇ ಭಜನಾ ಮೇಳ ಕೂಡುತ್ತದೆ. ಭಜನೆ ಯಾರ ಮನೆಯಲ್ಲೋ, ಮುಂದಾಗಿ ಹಾಡುವುದು ಆ ಮನೆಯವರೇ ಎಂಬುದು ಮೇಳದ ವಾಡಿಕೆ. ಉಳಿದವರ ಮನೆಗಳಲ್ಲಿ ಅಷ್ಟು ಜಾಗವಿಲ್ಲ. ಹೀಗಾಗಿ ಹದಿನೈದು ವರ್ಷಗಳಿಂದ ಅನಿಲಕುಮಾರನೇ ಹಾಡುಗಾರ.

ಹಾರ್ಮೋನಿಯಂ ಪೇಟಿ ಅವನ ತಂದೆ ದ್ಯಾಮಪ್ಪನ ಕೈಯಲ್ಲಿತ್ತು. ತೊಂದರೆ ಇದ್ದದ್ದು ಅಲ್ಲೇ. ಮಗ ಬಾಯಿ ತೆರೆದನೋ ಇಲ್ಲವೋ, ತಂದೆ ಮೈಮೇಲೆ ದೇವರು ಬಂದವರಂತೆ ತಿದಿ ಒತ್ತಿ, ಸಿಕ್ಕ ಕೀಗಳನ್ನೆಲ್ಲ ಒಮ್ಮೆಗೇ ಅದುಮುತ್ತಿದ್ದ. ಮೊಬೈಲಿನಲ್ಲಿ ಹಿಡಿದರೂ ಪೇಟಿಯ ಕೂಗೇ ಕೇಳುತ್ತಿತ್ತು. ಹೇಳಿದರೆ ಹಿರಿಯರು ಮುನಿಸಿಕೊಳ್ಳುತ್ತಾರೆ. ಈಗ ಮೇಳದ ಒಂದು ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕುವುದೆಂದು ಮಾತಾಗಿತ್ತು. ಒಮ್ಮೆಯಾದರೂ ತನ್ನ ದನಿ ನಾಲ್ಕು ಜನರ ಕಿವಿಗೆ ಬೀಳಬೇಕು. ಅನಿಲಕುಮಾರನಿಗೆ ಬೇರೆ ಆಸೆಯೇ ಇರಲಿಲ್ಲ.

ಜೊತೆಗೆ ಬಂದು ಚಹಾಕ್ಕೆ ಹೋಗಿದ್ದ ದ್ಯಾಮಪ್ಪ ಅಂಗಡಿಯೊಳಗೆ ಬಂದು ಕಪ್ಪು ಹಲಗೆಯನ್ನು ಒತ್ತಿ ನೋಡಿದ. ಇನ್ನೊಮ್ಮೆ ಒತ್ತಿದ. ಮುಖ ಸಣ್ಣಗಾಯಿತು.

“ಇದು ಸತ್ತೈತಿ. ಅಲ್ಲಿ ಸ್ಪೀಕರ್ ಇರೂದು ದೊಡ್ಡದೈತಲ್ಲ, ಅದನ್ನ ತಗೋ.”

“ಅದು ಭಾಳ ತುಟ್ಟಿ ಆತಪ್ಪಾ.”

“ಆಗವಲ್ದ್ಯಾಕ. ಸಪ್ಪಳ ಬೇಕು ತಮ್ಮಾ. ನನ್ನ ಮಾತ ಕೇಳು.”

ಅನಿಲಕುಮಾರ ಹೆಂಡತಿ ಸುವರ್ಣಾಗೆ ಫೋನು ಹಚ್ಚಿದ. ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡುವವಳು, ಅಗ್ಗದ್ದೇ ಸಾಕೆನ್ನುತ್ತಾಳೆಂದು ಅವನ ಲೆಕ್ಕ.

“ಮಾವಾರು ಹೇಳಿದ್ದ ಖರೇ ಐತ್ರಿ,” ಎಂದಳು ಸುವರ್ಣಾ. “ದೊಡ್ಡ ಸಪ್ಪಳದ್ದ ತರ್ರಿ. ಬೇಕಂದ್ರ ನನ್ನ ಬಳಿ ಮಾರ್ರಿ.”

ಬಂಗಾರದ ಬಳೆ ಮಾರುವ ಮಾತು ಅವಳ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಮಾವ ಸೊಸೆ ಒಂದಾಗಿದ್ದಾರೆಂದು ಅವನಿಗೆ ಸಿಟ್ಟೇ ಬಂತು. ಇಪ್ಪತ್ತೈದು ಕೀಗಳ ಅಗ್ಗದ ಹಲಗೆಯನ್ನೇ ಕಟ್ಟಿಸಿಕೊಂಡು ಬಸ್ಸು ಹತ್ತಿದ. ದ್ಯಾಮಪ್ಪ ಅಂಗಡಿಯತ್ತ ತಿರುಗಿ ತಿರುಗಿ ನೋಡುತ್ತ ಹಿಂದೆ ಹತ್ತಿದ.

ರೆಕಾರ್ಡಿಂಗಿನ ದಿನ ಹೊರಗಿನ ಗದ್ದಲ ಬರದಂತೆ ಗೋಡೆಗೆಲ್ಲ ಕೌದಿ ಕಟ್ಟಿದರು. ಹಾಡಿಗೊಂದು ಮೈಕು, ಹಲಗೆಯಿಂದ ಲ್ಯಾಪ್‌ಟಾಪಿಗೊಂದು ವೈರು. ಸುವರ್ಣಾ ಎಲ್ಲರಿಗೂ ಚಹಾ ಕೊಟ್ಟು, ಹಿಟ್ಟಿನ ಗಿರಣಿಗೆ ಹೋಗುವುದಿದೆ ಎಂದು ಚೀಲ ಹಿಡಿದು ಹೊರಟೇಬಿಟ್ಟಳು. ಮನೆಯಲ್ಲಿ ಹಿಟ್ಟು ಡಬ್ಬಿ ತುಂಬ ಇತ್ತು.

ಅನಿಲಕುಮಾರ ತಂದೆಯ ಕಿವಿಗೆ ಹೆಡ್‌ಫೋನ್ ಏರಿಸಿದ. “ನಿನ್ನ ಪೇಟಿ ನಿನಗಷ್ಟ ಕೇಳ್ತೈತಿ.”

“ಉಳಿದವರಿಗೆ?”

“ನನ್ನ ಹಾಡ ಕೇಳ್ತೈತಿ.”

ದ್ಯಾಮಪ್ಪ ತಬಲಾದ ಕಳಕೇಶನ ಮುಖ ನೋಡಿದ. ಕಳಕೇಶ ತಬಲಾದ ಮುಖ ನೋಡಿದ. “ನಮ್ಮ ಹಳೇ ಪೇಟಿನೂ ಒಂಚೂರು ಇರ್ಲಿ ಬಿಡ್ರಿ,” ಎಂದ. ಅನಿಲಕುಮಾರ ಒಪ್ಪಲಿಲ್ಲ.

ಅವನು ಕಣ್ಣು ಮುಚ್ಚಿ ಹಾಡಿದ. ಹದಿನೈದು ವರ್ಷ ಎದೆಯಲ್ಲಿ ಕಟ್ಟಿಟ್ಟಿದ್ದನ್ನೆಲ್ಲ ಬಿಚ್ಚಿ ಹಾಡಿದ. ನಡುವೆ ಕಣ್ತೆರೆದಾಗ ತಾಳದವರು ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಳಕೇಶನ ಕೈ ಎರಡು ಸಲ ನಿಂತೇಹೋಯಿತು. ಅವನ ಕಣ್ಣು ದ್ಯಾಮಪ್ಪನ ಹೆಡ್‌ಫೋನ್ ಮೇಲಿತ್ತು. ಅನಿಲಕುಮಾರನಿಗೆ ತುಂಬ ಸಂತೋಷವಾಯಿತು.

ಮುಗಿದ ಮೇಲೆ ತಂದೆಯ ತಪ್ಪುಗಳನ್ನು ತಿದ್ದಲು ಕುಳಿತ. ಮೊದಲು ಲ್ಯಾಪ್‌ಟಾಪಿನಲ್ಲಿ ಹಾರ್ಮೋನಿಯಮ್ಮನ್ನಷ್ಟೇ ಹಚ್ಚಿದ. ಮೆತ್ತಗೆ, ಇಂಪಾಗಿ ಬಂತು. ಕೊನೆಯವರೆಗೆ ಹುಡುಕಿದರೂ ಒಂದು ತಪ್ಪಿರಲಿಲ್ಲ.

“ಅಪ್ಪಾ, ಇಷ್ಟ ಚಲೋ ಬಾರಸ್ತಿ. ಸೋಮವಾರ ಯಾಕ ಹಂಗ ಬಡೀತಿದ್ದಿ?”

ದ್ಯಾಮಪ್ಪ ಹೆಡ್‌ಫೋನನ್ನು ಇನ್ನೂ ತೆಗೆದಿರಲಿಲ್ಲ. ಒಂದು ಕಿವಿಯಷ್ಟೇ ಸರಿಸಿದ. “ಈಗ ನಿನ್ನ ಹಾಡ ಹಚ್ಚು,” ಎಂದ.

ಅನಿಲಕುಮಾರ ಹಚ್ಚಿದ. ಎರಡನೆಯ ಸಾಲಿಗೆ ಹೊರಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಮೂರನೆಯ ಸಾಲಿಗೆ ಅವನೇ ನಿಲ್ಲಿಸಿದ.

“ಇದ ಯಾರ ದನಿ?”

ದ್ಯಾಮಪ್ಪ ಹಳೆಯ ಪೇಟಿಯನ್ನು ಮುಂದಕ್ಕೆ ಎಳೆದುಕೊಂಡ. “ನಿಂದ ತಮ್ಮಾ. ಹದಿನೈದು ವರ್ಷ ಮಂದಿಗೆ ಇದನ್ನ ಕೇಳಿಸಗೊಡಬಾರದಂತ ಬಡದು ಬಡದು ನನ್ನ ರಟ್ಟಿ ಬಿದ್ದ ಹೋದುವು.”