ಅಳಿಸಿದ ಕಾಟು

ತಂತಿಯಲ್ಲಿ ನೇತುಹಾಕಿದ್ದ ಆಕ್ಸಲ್ ಶಾಫ್ಟಿಗೆ ಮೆಕ್ಯಾನಿಕ್ ಸುತ್ತಿಗೆಯಿಂದ ಮೆಲ್ಲಗೆ ಒಂದೇಟು ಕೊಟ್ಟ. ಗಂಟೆಯ ಹಾಗೆ ಠಣ್ಣೆಂದು ದನಿ ಎಳೆಯಬೇಕಿದ್ದ ಉಕ್ಕು, ಒಡೆದ ಮಡಕೆಯ ಹಾಗೆ ಡಬ್ಬೆಂದು ಸುಮ್ಮನಾಯಿತು.

"ಇನ್ನೊಂದ್ಸಲ ಹೊಡಿ," ಎಂದ ಹಾಲಿನ ಗಾಡಿಯವನು. ಅವನ ಪಿಕಪ್ಪು ಹಿಂದಿನ ಎರಡೂ ಚಕ್ರ ಕಳಚಿಕೊಂಡು ಜಾಕಿನ ಮೇಲೆ ಕೂತಿತ್ತು. ಸವೆದ ಶಾಫ್ಟುಗಳ ಬದಲಿಗೆ ಗುಜರಿಯಲ್ಲಿ ಅವನೇ ಒಂದು ಜೋಡಿ ಆರಿಸಿ, ಕೂಸನ್ನು ತರುವ ಹಾಗೆ ಎದೆಗವಚಿಕೊಂಡು ತಂದಿದ್ದ. "ಒಳ್ಳೇ ಮಾಲು ಕಣೋ. ಗುಜರಿಯವನು ಅವರಪ್ಪನ ಮೇಲೆ ಆಣೆ ಇಟ್ಟ."

"ಅವರಪ್ಪ ಹೋಗಿ ಹತ್ತು ವರ್ಷ ಆಯ್ತಣ್ಣ. ಆಣೆಗೇನು ಖರ್ಚು?"

ಎರಡನೇ ಏಟಿಗೂ ಡಬ್. ಜೋಡಿಯ ಇನ್ನೊಂದನ್ನು ನೇತುಹಾಕಿ ಬಡಿದರೆ ಅದೂ ಡಬ್. ಮೆಕ್ಯಾನಿಕ್ ಶಾಫ್ಟನ್ನು ಇಳಿಸಿ, ಚಕ್ರದ ಬೋಲ್ಟು ಕೂರುವ ದುಂಡು ತಟ್ಟೆಯ ಕಪ್ಪು ಬಣ್ಣವನ್ನು ತಿನ್ನರ್ ಬಟ್ಟೆಯಿಂದ ಒರೆಸಿದ. ಬಣ್ಣ ಹೋಯಿತು. ಒದ್ದೆ ಉಕ್ಕಿನಲ್ಲಿ, ನೀರಿನಡಿಯಿಂದ ಎದ್ದು ಬಂದಂತೆ, ಎರಡು ಮಸುಕು ಗೆರೆ ಕಾಣಿಸಿದವು. ಒಂದರ ಮೇಲೊಂದು, ಅಡ್ಡಡ್ಡ. ಒಂದು ಉದ್ದ, ಒಂದು ಗಿಡ್ಡ. ಅವನ ಕೈ ನಿಂತುಬಿಟ್ಟಿತು.

ಆ ಕಾಟು, ಆ ಅಡ್ಡಗೆರೆಯ ಗುರುತು, ಅವನದೇ. ಕೆಲಸಕ್ಕೆ ಬಾರದೆಂದು ಬಿಚ್ಚಿದ ಶಾಫ್ಟಿನ ತಟ್ಟೆಗೆ ಗ್ರೈಂಡರಿನಿಂದ ಆಳವಾಗಿ ಕಾಟು ಕೊಯ್ದೇ ಗುಜರಿಗೆ ಹಾಕುವುದು ಈ ಶೆಡ್ಡಿನ ಪದ್ಧತಿ. ಇನ್ನೊಬ್ಬರು ಮತ್ತೆ ಅದನ್ನು ಗಾಡಿಗೆ ಹಾಕಬಾರದೆಂದು. ಮೊದಲ ದಿನವೇ ಅಪ್ಪ ಕಲಿಸಿದ್ದ: "ಕಾಟು ಬೀಳದ ಮಾಲು ಬಾಗಿಲು ದಾಟಬಾರದು. ಅದು ಮುರಿದ ದಿನ ಸಾಯೋನು ನಿನ್ನ ಕಣ್ಣಿಗೆ ಬೀಳಲ್ಲ." ಈಗ ಆ ಕೊಯ್ತವನ್ನು ಯಾರೋ ವೆಲ್ಡಿಂಗಿನಿಂದ ತುಂಬಿ, ಅರ ಹಾಕಿ ನುಣ್ಣಗೆ ಮಾಡಿದ್ದರು. ಶಾಫ್ಟಿನ ಕತ್ತಿನಲ್ಲಿದ್ದ ಕೂದಲೆಳೆಯ ಬಿರುಕಿನ ಮೇಲೂ ಒಂದೆಳೆ ವೆಲ್ಡಿಂಗು. ಒಂದು ಸೂಜಿಮೊನೆಯಷ್ಟು ತೂತಿಲ್ಲ, ಒಂದು ಹನಿ ಹೆಚ್ಚಿಲ್ಲ.

"ಏನೋ ಅದು, ದೆವ್ವ ಕಂಡೋನ ಥರ?" ಹಾಲಿನ ಗಾಡಿಯವನು ಗಡಿಯಾರ ನೋಡಿಕೊಂಡ. "ಬೇಗ ಹಾಕು. ನಾಲ್ಕಕ್ಕೆ ಹಾಲು ಎತ್ತಬೇಕು. ನಮ್ಮವಳು ಬೇರೆ ಕ್ಯಾನ್ ತೊಳೆದಿಟ್ಕೊಂಡು ಕಾಯ್ತಿದ್ದಾಳೆ, ಅವಳೂ ಬರ್ತಾಳೆ ಗಾಡೀಲಿ."

"ಬೆಸುಗೆಯ ಬಿಸಿಗೆ ಇದು ಒಳಗೇ ಪೆಡಸಾಗಿದೆ ಅಣ್ಣ. ಮುರಿದ್ರೆ ಗಾಡಿ ನಿಲ್ಲಲ್ಲ. ಚಕ್ರಾನೇ ಕಿತ್ಕೊಂಡು ನಿಮಗಿಂತ ಮುಂದೆ ಓಡುತ್ತೆ."

ಹಾಲಿನ ಗಾಡಿಯವನು ಶಾಫ್ಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಇಂಥವು ಇನ್ನೂ ಇದ್ವಾ ಗುಜರೀಲಿ?" ಮೆಕ್ಯಾನಿಕ್ ಕೇಳಿದ.

"ಇದೇ ಕೊನೇ ಜೋಡಿ. ಬಂದ ಹಾಗೇ ಖಾಲಿ ಆಗುತ್ತಂತೆ. ನಿಮ್ಮ ಶೆಡ್ಡಿನ ಮಾಲು ಅಂದ್ರೆ ಜನ ಕಣ್ಮುಚ್ಚಿ ಎತ್ಕೊಂಡು ಹೋಗ್ತಾರಂತೆ."

ನಮ್ಮ ಶೆಡ್ಡಿನ ಮಾಲು. ಮೆಕ್ಯಾನಿಕ್ ಆ ಬೆಸುಗೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದ. ಈ ಶೆಡ್ಡುಗಳ ಸಾಲಿನಲ್ಲಿ ವೆಲ್ಡಿಂಗು ಮಾಡುವವರು ಎಂಟು ಜನ ಇದ್ದರು. ಇಷ್ಟು ನಯವಾಗಿ ಮಾಡಬಲ್ಲ ಕೈ ಒಂದೇ. ಅವನು ಶಾಫ್ಟನ್ನು ಹೆಗಲಿಗೇರಿಸಿ ಶೆಡ್ಡಿನ ಹಿಂಬದಿಗೆ ನಡೆದ. ಮಂಡಿ ಹಿಡಿದುಕೊಂಡು, ಗಾಡಿಯಡಿ ನುಸುಳಲಾಗದೆ ಹೋದ ಮೇಲೆ ಅಪ್ಪನಿಗೆ ಅವನೇ ತಂದುಕೊಟ್ಟ ಕುರ್ಚಿ ಅಲ್ಲಿತ್ತು. ಅಪ್ಪ ಅದರಲ್ಲಿ ಕೂತು ವೆಲ್ಡಿಂಗ್ ಕನ್ನಡಕ ಒರೆಸುತ್ತಿದ್ದ.

"ಇದು ಯಾರ ಕೈ ಅಪ್ಪ?"

ಅಪ್ಪ ಕನ್ನಡಕ ಬದಿಗಿಟ್ಟು ಶಾಫ್ಟನ್ನು ತೊಡೆಯ ಮೇಲೆ ಎಳೆದುಕೊಂಡ. ಮುಖ ಅರಳಿತು. "ಅರೆ, ಇದು ವಾಪಸ್ ಬಂತಾ! ನೀನು ಇದಕ್ಕೆ ಕಾಟು ಹಾಕ್ದಾಗ ನನ್ನ ಹೊಟ್ಟೆ ಉರಿದುಹೋಗಿತ್ತು. ಒಂದು ಕೂದಲೆಳೆ ಬಿರುಕಿಗೆ ಇಂಥಾ ಮಾಲು ಎಸೀತಾರೇನೋ?"

"ಎಸೀಬೇಕು ಅಂತ ಹೇಳ್ಕೊಟ್ಟೋನು ನೀನೇ."

"ಆಗ ನಂಗೆ ಇಷ್ಟು ಕೈ ಕುದುರಿರಲಿಲ್ಲ."

"ಗುಜರಿಯವನು ಎಷ್ಟು ದುಡ್ಡು ಕೊಟ್ಟ?"

"ದುಡ್ಡಾ?" ಅಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅವನು ಕೆಲಸ ಕೊಟ್ಟ ಕಣೋ. ನೀನು ಕುರ್ಚಿ ಕೊಟ್ಟೆ. ನೀನು ಸ್ಪೇರ್ ತರೋಕೆ ಹೋದಾಗೆಲ್ಲ ಒಂದೊಂದು ಕೂತ್ಕೊಂಡು ಮಾಡ್ದೆ. ಅಷ್ಟೇ."

"ಎಷ್ಟಪ್ಪ? ಎಷ್ಟು ಮಾಡಿದ್ದೀಯ? ಯಾವ್ಯಾವ ಗಾಡಿಗೆ ಹೋಗಿವೆ?"

ಹೊರಗೆ ರಸ್ತೆಯಲ್ಲಿ ತರಕಾರಿ ಹೇರಿದ ಪಿಕಪ್ಪೊಂದು ಹೋಯಿತು. ಅದರ ಬೆನ್ನಿಗೇ ಇನ್ನೊಂದು. ಅದರ ಹಿಂಬದಿಯಲ್ಲಿ ಗಾರೆ ಕೆಲಸದ ಹೆಂಗಸರು ಒಬ್ಬರ ಸೊಂಟ ಒಬ್ಬರು ಹಿಡಿದು ನಿಂತಿದ್ದರು. ಮೆಕ್ಯಾನಿಕ್ ಅವುಗಳ ಹಿಂದಿನ ಚಕ್ರಗಳನ್ನೇ ನೋಡಿದ, ಕಣ್ಣಿಗೆ ಮರೆಯಾಗುವವರೆಗೂ.

ಅಪ್ಪ ಅಷ್ಟರಲ್ಲಿ ಅಂಗಿಯ ತುದಿಯಿಂದ ತಟ್ಟೆಯನ್ನು ಒರೆಸಿ ಒಣಗಿಸಿದ್ದ. ಒದ್ದೆ ಆರಿದ್ದೇ ಗೆರೆಗಳು ಮಾಯವಾದವು. ಅವನು ಮಗನ ಹೆಬ್ಬೆರಳು ಹಿಡಿದು, ಮೊದಲ ದಿನ ಕೆಲಸ ಕಲಿಸಿದಾಗ ಹಿಡಿದ ಹಾಗೆಯೇ, ಉಕ್ಕಿನ ಮೇಲೆ ಇಟ್ಟ.

"ಕಣ್ಣು ಮುಚ್ಕೊಂಡು ಸವರು. ಕಾಟು ಎಲ್ಲಿತ್ತು, ಹೇಳು ನೋಡೋಣ."

ಮೆಕ್ಯಾನಿಕ್ ಸವರಿದ. ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ. ಮತ್ತೊಮ್ಮೆ ಸವರಿದ.

"ನೋಡಿದ್ಯಾ," ಅಪ್ಪ ನಕ್ಕ. "ನಿಂಗೇ ಸಿಗ್ತಿಲ್ಲ."