ಅಜ್ಜನ ಗಜ

ಅಗಸೆ ಎಣ್ಣೆಯ ವಾಸನೆ ಬಂದರೆ ನನಗೆ ಇವತ್ತಿಗೂ ಅಕ್ಕಲಕೋಟೆಯ ಮನೆಯ ಮಹಡಿ ನೆನಪಾಗುತ್ತದೆ.

ಅಜ್ಜ ಇರುವವರೆಗೂ ಅದೇ ಅವನ ಬಟ್ಟೆ ಅಂಗಡಿ. ತೇಗದ ನೆಲದಲ್ಲಿ ಗಜದಷ್ಟು ಅಂತರ ಬಿಟ್ಟು ಎರಡು ಹಿತ್ತಾಳೆ ಮೊಳೆ ಹೊಡೆದಿದ್ದ. ಬಟ್ಟೆ ಅಳೆಯುತ್ತಿದ್ದದ್ದು ಅವುಗಳ ಮೇಲೆಯೇ. ಅವನು ಹೋದ ಮರುವರ್ಷ ಅಪ್ಪ ಸೊಲ್ಲಾಪುರದಿಂದ ಬಡಗಿಯನ್ನು ಕರೆಸಿದ. ಬಡಗಿ ಮೊಳೆ ಕಿತ್ತು, ತೂತಿಗೆ ಮರದ ಪುಡಿ ತುಂಬಿ, ಹಲಗೆಗಳನ್ನು ನುಣ್ಣಗೆ ಉಜ್ಜಿ ಎಣ್ಣೆ ಬಳಿದ.

ಮಧ್ಯಾಹ್ನ ನನ್ನ ಅಜ್ಜಿ ಮೇಲೆ ಬಂದಳು. "ಮೊಳಿ ಎಲ್ಲಿದ್ವೋ?"

"ತಪ್ಪಾತ್ರಿ ಆಯಿ. ತೂತ ಈಗ ನನಗೂ ಕಾಣವಲ್ದು," ಎಂದ ಬಡಗಿ.

ಅಳೆದು ಮತ್ತೆ ಮೊಳೆ ಹೊಡೆಸಲೆಂದು ಅಪ್ಪ ಕಬ್ಬಿಣದ ಗಜಕಡ್ಡಿ ತಂದ. ಅಜ್ಜಿ ಅದನ್ನು ಮುಟ್ಟಲಿಲ್ಲ. ಹಸಿ ಎಣ್ಣೆಯ ಮೇಲೆಯೇ ಕೂತು ಹಲಗೆ ಸವರಿ, ಕಿತ್ತಿಟ್ಟಿದ್ದ ಒಂದು ಮೊಳೆ ಇಟ್ಟಳು. ಆಮೇಲೆ ಕಣ್ಣು ಮುಚ್ಚಿ, ಬಟ್ಟೆ ಎಳೆಯುವವಳಂತೆ ಕೈ ಚಾಚಿ ಇನ್ನೊಂದನ್ನು ಇಟ್ಟಳು. ಬಡಗಿ ಎರಡನ್ನೂ ಹೊಡೆದ. ಅಪ್ಪ ಗಜಕಡ್ಡಿ ಇಟ್ಟು ಅಳೆದು, ಮಿಕ್ಕ ಸಂದಿನಲ್ಲಿ ಎರಡು ಬೆರಳು ಇಟ್ಟು ನೋಡಿದ.

"ಅವ್ವಾ, ಎರಡ ಬಟ್ಟ ಜಾಸ್ತಿ ಆಗ್ಯಾದ."

ಅಜ್ಜಿ ಮೊಳೆಯ ತಲೆಯನ್ನು ಸೆರಗಿನಿಂದ ಒರೆಸಿದಳು.

"ಬರೋಬರಿ ಅದ. ನಿಮ್ಮಪ್ಪಾರ ಗಜ ಯಾವತ್ತೂ ಇಷ್ಟ ಉದ್ದ ಇತ್ತು."