ಜೊತೆಗಾರರು ತುಂಬಿದ ಬಾಟಲಿ

ಆ ಚಾರಣ ಕೂಟದಲ್ಲೊಂದು ನಿಯಮವಿತ್ತು. ಆಪತ್ತಿಗೆ ಬೇಕಾಗುವ ಸಾಮಾನನ್ನೆಲ್ಲ ಅಗಲ ಬಾಯಿಯ ನೀರಿನ ಬಾಟಲಿಯೊಂದರಲ್ಲಿ ತುಂಬಿಕೊಂಡು ಬರಬೇಕು; ತುಂಬುವ ಕೆಲಸ ಮಾತ್ರ ಜೊತೆಗಾರರದು. ತಾವೇ ತುಂಬಿಕೊಳ್ಳುವವರು ಬ್ಯಾಂಡೇಜ್ ಬಿಟ್ಟು ಚಕ್ಕುಲಿ ತುರುಕುತ್ತಾರೆಂಬುದು ಕೂಟದ ಅನುಭವ. ಒಂಟಿಯಾಗಿ ಬರುವ ಚಂದ್ರಿಕಾಗೆ ಮಾತ್ರ ತನ್ನದನ್ನು ತಾನೇ ತುಂಬಿಕೊಳ್ಳುವ ವಿನಾಯಿತಿ.

ವಿನೋದಿನಿಯ ಬಾಟಲಿಯನ್ನು ಗಂಡ ತುಂಬುತ್ತಿದ್ದ. ಮನೆಯಲ್ಲಿ ಒಂದು ಲೋಟ ತೊಳೆಯದವನು ಇದಕ್ಕಾಗಿ ಇಡೀ ಸಂಜೆ ಕೂರುತ್ತಿದ್ದ. ಅವಳಿಗೆ ಅದೇ ಹೆಮ್ಮೆ. ಮುಚ್ಚಳ ತೆಗೆದು ನೋಡಿದವಳೇ ಅಲ್ಲ.

ಈ ಸಲ ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಅವಳಿಗೆ ಉಬ್ಬಸ ಕೆರಳಿತು. ಬಂಡೆಗೊರಗಿ ಕೂತು ಬಾಟಲಿ ತೆರೆದಳು. ಸೀಟಿ, ಬೆಂಕಿಪೊಟ್ಟಣ, ಬ್ಯಾಂಡೇಜ್ ಎಲ್ಲ ಅಚ್ಚುಕಟ್ಟಾಗಿದ್ದವು. ಇನ್ಹೇಲರ್ ಇರಲಿಲ್ಲ. ಅದರ ಜಾಗದಲ್ಲಿ ಇನ್ಸುಲಿನ್ ಪೆನ್ನಿತ್ತು.

"ರೀ... ಇದು ಯಾರಿಗ್ರೀ? ನಮ್ಮನೇಲಿ ಯಾರಿಗಿದೆ ಶುಗರ್ರು?"

"ಅದು... ಮೆಡಿಕಲ್ ಶಾಪಿನವನು ತಪ್ಪು ಕೊಟ್ಟಿರ್ಬೇಕು ಕಣೇ. ನೀನು ಮಾತಾಡಬೇಡ, ಮೊದಲು ಉಸಿರು ಎಳ್ಕೋ."

"ಯಾವುದರಲ್ಲಿ ಎಳ್ಕೊಳ್ಳಲಿ? ನನ್ನ ಇನ್ಹೇಲರ್ ಎಲ್ಲಿ?"

ಗಂಡ ಬೆವರು ಒರೆಸಿಕೊಂಡ. ಹಿಂದೆ ಯಾರೋ ಬಾಟಲಿಯ ಮುಚ್ಚಳ ತಿರುಗಿಸುವ ಸದ್ದಾಯಿತು. ಗುಂಪನ್ನು ಸರಿಸಿಕೊಂಡು ಬಂದ ಚಂದ್ರಿಕಾ ಗಾಬರಿಯಲ್ಲೇ ತನ್ನ ಬಾಟಲಿಯಲ್ಲಿದ್ದ ಇನ್ಹೇಲರನ್ನು ವಿನೋದಿನಿಯ ಕೈಗಿತ್ತಳು.

"ಬೇಗ ಎಳ್ಕೊಳ್ಳಿ ಅಕ್ಕಾ. ಬಾಟಲಿ ಮೇಲೆ ಹೆಸರು ಬರೀರಿ ಅಂತ ಇವರಿಗೆ ಎಷ್ಟು ಸಲ ಬಡ್ಕೊಂಡೆ!"